ಫ್ರೋಜನ್ ಇಲಿ ತರಿಸಿ ನಾಲ್ಕು ತಿಂಗಳು: ನಮ್ಮ ಬೆಲ್ಲ ಕೊನೆಗೂ ಬಾಯಿ ತೆರೆಯಿತು

ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್ ಇದೆ, ಹೆಬ್ಬಾವಿನ ಜಾತಿಯ ಹಾವು. ಹೆಸರು ಬೆಲ್ಲ. ಮೈಬಣ್ಣ ಥೇಟ್ ಅಚ್ಚುಬೆಲ್ಲ, ಅದರ ಸುತ್ತ ಕಪ್ಪು. ಜೀವಂತ ಇಲಿ ಬಿಟ್ಟು ಬೇರೇನೂ ಮುಟ್ಟದ ಈ ಹಾವಿಗೆ ಫ್ರೀಜರ್‌ನಲ್ಲಿಟ್ಟ ಇಲಿ ತಿನ್ನುವ ಅಭ್ಯಾಸ ಮಾಡಿಸಲು ಎರಡು ತಿಂಗಳಿಗಿಂತ ಜಾಸ್ತಿ ಹಿಡಿಯಿತು. ಆ ಇಲಿಗಳನ್ನು ತರಿಸಿದ್ದು ಬೆಂಗಳೂರಿನ ಹೆಣ್ಣೂರು ಕಡೆ ಮನೆಯಿಂದಲೇ ವ್ಯಾಪಾರ ಮಾಡುವ ಗಂಡ ಹೆಂಡತಿಯ ಹತ್ತಿರ. ಈಗ ಮೂರು ಆರ್ಡರ್ ಆಗಿದೆ. ಸರಕು ಹೇಗಿದೆ, ಡೆಲಿವರಿ ಹೇಗಿದೆ, ದುಡ್ಡಿಗೆ ತಕ್ಕ ಹಾಗಿದೆಯಾ, ಎಲ್ಲ ಬರೆಯುತ್ತೇನೆ. ನನಗೆ ಇಷ್ಟವಾಗಿದೆ, ಮುಂದೆಯೂ ಅಲ್ಲೇ ತಗೊಳ್ಳುತ್ತೇನೆ. ತಕರಾರು ಇಲ್ಲ ಅಂತಲ್ಲ, ಅದೂ ಬರುತ್ತದೆ.

ಬೆಲ್ಲ ನನ್ನ ಹತ್ತಿರ ಬಂದಿದ್ದು ಹೋದ ಅಕ್ಟೋಬರ್‌ನಲ್ಲಿ. ಸ್ನೇಹಿತೆಯೊಬ್ಬಳು ಓದಲು ಹೊರದೇಶಕ್ಕೆ ಹೊರಟಳು, ಹಾವನ್ನು ನನಗೆ ಕೊಟ್ಟಳು. ಕಾಗದಪತ್ರ ಸರಿಯಾಗಿತ್ತು. ಇದನ್ನು ಒತ್ತಿ ಹೇಳಬೇಕು. ನಮ್ಮ ದೇಶದ ಯಾವ ಹಾವನ್ನೂ, ಹಿತ್ತಲಿಗೆ ಬರುವ ಕೇರೆ ಹಾವನ್ನೂ ಸೇರಿಸಿ, ಮನೆಯಲ್ಲಿ ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಬಿಡುವುದಿಲ್ಲ. ಬಾಲ್ ಪೈಥಾನ್ ಆಫ್ರಿಕಾದ್ದು. ಆದರೂ ಅದು ಸೈಟಿಸ್ (ಅಳಿವಿನ ಭೀತಿಯ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ಜೀವಿ, ಹಾಗಾಗಿ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಕೈ ಬದಲಾದರೆ ಅದನ್ನೂ ತಿಳಿಸಬೇಕು. ಹೆಣ್ಣೂರಿನವರು ಮೊದಲ ಫೋನ್‌ನಲ್ಲೇ ಕೇಳಿದ ಪ್ರಶ್ನೆ ಇದು, "ಮೇಡಂ, ನೋಂದಣಿ ಆಗಿದೆ ಅಲ್ವಾ?" ಆ ಒಂದು ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು.

ಸ್ನೇಹಿತೆ ಅದಕ್ಕೆ ಜೀವಂತ ಮೌಸ್, ಅಂದರೆ ಚಿಕ್ಕ ಜಾತಿಯ ಇಲಿ, ಹಾಕುತ್ತಿದ್ದಳು. ನಾನೂ ಹಾಗೇ ಶುರು ಮಾಡಿದೆ. ಊರಲ್ಲಿ ಒಂದು ಪೆಟ್ ಅಂಗಡಿ ಇದೆ, ಹೆಸರು ಬೇಡ, ಅಲ್ಲಿ ರಂಧ್ರ ಮಾಡಿದ ಸ್ವೀಟ್ ಡಬ್ಬಿಯಲ್ಲಿ ಬಿಳಿ ಇಲಿ ಹಾಕಿ ಕೊಡುತ್ತಾರೆ. ಎರಡನೇ ಸಲವೇ ಅನಾಹುತ ಆಯಿತು. ಬೆಲ್ಲನಿಗೆ ಆವತ್ತು ಹಸಿವಿರಲಿಲ್ಲ, ಮೂಲೆಯಲ್ಲಿ ಸುತ್ತಿಕೊಂಡು ಕೂತಿತ್ತು. ನಾನು ಹತ್ತು ನಿಮಿಷ ಒಳಗೆ ಹೋಗಿ ಬರುವಷ್ಟರಲ್ಲಿ ಇಲಿ ಅದರ ಬೆನ್ನಿನ ಮೇಲೆ ಎರಡು ಕಡೆ ಕಚ್ಚಿತ್ತು. ಕಡಲೆಕಾಳಿನಷ್ಟು ಗಾಯ, ಹುರುಪೆ ಎದ್ದು ಒಳಗಿನ ಕೆಂಪು ಕಾಣುತ್ತಿತ್ತು. ಹಾವು ಕದಲಲಿಲ್ಲ, ತಲೆಯನ್ನು ಇನ್ನೂ ಒಳಗೆ ಹುದುಗಿಸಿಕೊಂಡಿತು ಅಷ್ಟೇ. ಡಾಕ್ಟರ್ ಮುಲಾಮು ಕೊಟ್ಟರು, ಗಾಯ ವಾಸಿಯಾಯಿತು, ಕಲೆ ಈಗಲೂ ಇದೆ. ಇಕ್ಕಟ್ಟಾದ ಜಾಗದಲ್ಲಿ ಸಿಕ್ಕಿಬಿದ್ದ ಇಲಿ ಕಚ್ಚದೆ ಏನು ಮಾಡುತ್ತದೆ ಹೇಳಿ. ಆ ಇಲಿಯ ಭಯವನ್ನೂ ನೋಡಿದೆ ನಾನು. ಆವತ್ತಿಗೆ ಜೀವಂತ ಇಲಿ ಸಾಕು ಅನ್ನಿಸಿತು.

ಇನ್ನು ಹೆಣ್ಣೂರಿನವರ ಸರಕು. ಒಂದೊಂದು ಇಲಿಯನ್ನೂ ಬೇರೆ ಬೇರೆ ಜಿಪ್ ಕವರ್‌ನಲ್ಲಿ ಹಾಕಿರುತ್ತಾರೆ. ಮೇಲೆ ಮಾರ್ಕರ್‌ನಲ್ಲಿ ತೂಕ, ಫ್ರೀಜ್ ಮಾಡಿದ ತಾರೀಖು. ಇಲಿಯನ್ನು ನೇರವಾಗಿ, ಕಾಲು ಹಿಂದಕ್ಕೆ ಚಾಚಿಸಿ ಫ್ರೀಜ್ ಮಾಡಿರುತ್ತಾರೆ. ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಮುದುಡಿ ಗಟ್ಟಿಯಾದ ಇಲಿ ಒಂದೇ ಸಮ ಕರಗುವುದಿಲ್ಲ, ಹೊಟ್ಟೆಯೊಳಗೆ ಐಸ್ ಉಳಿದುಬಿಡುತ್ತದೆ. ಇಲಿಗಳನ್ನು ಅವರೇ ಸಾಕುತ್ತಾರೆ. ಕಾಳು ಹಾಕಿ ಬೆಳೆಸಿ, ನೋವಾಗದ ಹಾಗೆ ಗ್ಯಾಸ್ ಕೊಟ್ಟು ಕೊಲ್ಲುತ್ತಾರಂತೆ. ರೋಡಿನಲ್ಲಿ ಹಿಡಿದ ಇಲಿಯನ್ನು ಯಾವ ಕಾರಣಕ್ಕೂ ಹಾಕಬೇಡಿ, ಅದು ಯಾರ ಮನೆಯ ಪಾಷಾಣ ತಿಂದು ಬಂದಿರುತ್ತದೋ ಗೊತ್ತಾಗುವುದಿಲ್ಲ.

ನನಗೆ 50 ಗ್ರಾಂ ಆಸುಪಾಸಿನ, ಮೌಸ್‌ಗಿಂತ ದೊಡ್ಡ ಜಾತಿಯ ರ‍್ಯಾಟ್ ಒಂದಕ್ಕೆ 90 ರೂಪಾಯಿ ಬಿತ್ತು. ಕಡಿಮೆ ಅಂದರೂ ಹತ್ತು ತಗೊಳ್ಳಬೇಕು. ಥರ್ಮಾಕೋಲ್ ಡಬ್ಬಿಗೆ 100 ರೂಪಾಯಿ ಡೆಪಾಸಿಟ್, ಮುಂದಿನ ಸಲ ಡಬ್ಬಿ ವಾಪಸ್ ಕೊಟ್ಟರೆ ಲೆಕ್ಕಕ್ಕೆ ಹಿಡಿಯುತ್ತಾರೆ. ನಾನು ಮೊದಲು 80 ಗ್ರಾಂನದ್ದು ಕೇಳಿದ್ದೆ, ದೊಡ್ಡದು ಹಾಕಿದರೆ ಹಾವು ಬೇಗ ಬೆಳೆಯುತ್ತದೆ ಅಂದುಕೊಂಡು. ಹೆಣ್ಣೂರಿನ ಅಣ್ಣ ಹಾವಿನ ತೂಕ ಕೇಳಿದರು. 640 ಗ್ರಾಂ ಅಂದೆ. "ಬೇಡ ಮೇಡಂ, ಅದರ ಹೊಟ್ಟೆ ಎಲ್ಲಿ ಜಾಸ್ತಿ ದಪ್ಪ ಇದೆಯೋ ಅಷ್ಟೇ ದಪ್ಪದ ಇಲಿ ಸಾಕು, ದೊಡ್ಡದು ಹಾಕಿದ್ರೆ ವಾಪಸ್ ಕಕ್ಕುತ್ತೆ, ಆಮೇಲೆ ಊಟಕ್ಕೇ ಹೆದರುತ್ತೆ" ಅಂದರು. ಜಾಸ್ತಿ ದುಡ್ಡಿನ ಸರಕು ಬೇಡ ಅಂತ ಹೇಳುವ ವ್ಯಾಪಾರಿ ಎಷ್ಟು ಜನ ಸಿಗುತ್ತಾರೆ?

ಮನೆಯಲ್ಲಿ ಇಡುವುದೆಲ್ಲಿ ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. ಡಿಸೆಂಬರ್ ಅಂದರೆ ಅವರೆಕಾಯಿ ಕಾಲ, ನಮ್ಮ ಫ್ರೀಜರ್ ತುಂಬ ಅಮ್ಮನ ಹಿತಕಿದ ಬೇಳೆ. "ಗಣಪನ ವಾಹನ ಅದು, ನನ್ನ ಬೇಳೆ ಪಕ್ಕ ತಂದಿಡ್ತೀಯೇನೇ?" ಅಂದರು ಅಮ್ಮ. ಅವರ ಮಾತು ನ್ಯಾಯವೇ. ದೇವರ ಮಾತು ಪಕ್ಕಕ್ಕಿಡೋಣ, ಇಲಿ ಮೈಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಫ್ರೀಜ್ ಮಾಡಿದ ಮಾತ್ರಕ್ಕೆ ಆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಚಿಕ್ಕ ಫ್ರಿಜ್ ತಂದು ಯುಟಿಲಿಟಿಯಲ್ಲಿಟ್ಟೆ, ಮೇಲೆ ಫ್ರೀಜರ್, ಕೆಳಗೆ ಎರಡು ತಟ್ಟೆ. ಇಲಿಗೆ ಬೇರೆ ಪಾತ್ರೆ, ಬೇರೆ ಚಿಮಟ, ಬೇರೆ ಬಟ್ಟೆ. ಕರೆಂಟ್ ಹೋದಾಗ ತಂಪು ಉಳಿಯಲಿ ಅಂತ ಫ್ರೀಜರ್‌ನ ಖಾಲಿ ಜಾಗದಲ್ಲಿ ನೀರಿನ ಬಾಟಲಿ ತುಂಬಿಟ್ಟಿದ್ದೇನೆ. ಒಮ್ಮೆ ಪೂರ್ತಿ ಕರಗಿದ ಇಲಿಯನ್ನು ಮತ್ತೆ ಫ್ರೀಜ್ ಮಾಡಬಾರದು, ಎಸೆಯಬೇಕು.

ಮೊದಲ ಸಲ ಕರಗಿಸಿ ಕೊಟ್ಟಾಗ ಬೆಲ್ಲ ತಿರುಗಿಯೂ ನೋಡಲಿಲ್ಲ. ಎರಡನೇ ಸಲ ಮೂಸಿ ಹಿಂದೆ ಹೋಯಿತು. ಮೂರನೇ ಸಲ ಇಲಿಯನ್ನು ಚಿಮಟದಲ್ಲಿ ಹಿಡಿದು ಅದರ ಮುಖದ ಮುಂದೆ ಅಲ್ಲಾಡಿಸಿದೆ, ಹೆದರಿ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಇಟ್ಟುಕೊಂಡುಬಿಟ್ಟಿತು. ಇದರ ಹೆಸರಿನಲ್ಲಿರುವ ಬಾಲ್ ಅಂದರೆ ಇದೇ. ಒಂದೊಂದು ಪ್ರಯತ್ನಕ್ಕೂ ಹತ್ತು ದಿನ ಅಂತರ ಕೊಡಬೇಕು, ದಿನಾ ದಿನಾ ಕಾಡಿದರೆ ಹಾವು ಇನ್ನೂ ಮುದುಡುತ್ತದೆ. ಆ ಹತ್ತು ದಿನ ಕಾಯುವುದು ಎಷ್ಟು ಕಷ್ಟ ಅಂತ ಸಾಕಿದವರಿಗೆ ಗೊತ್ತು. ಬಾಲ್ ಪೈಥಾನ್ ತಿಂಗಳುಗಟ್ಟಲೆ ಊಟ ಬಿಟ್ಟರೂ ಬದುಕುತ್ತದೆ ಅಂತ ಓದಿ ತಿಳಿದಿದ್ದೆ, ಆದರೂ ರಾತ್ರಿ ಎದ್ದು ಟಾರ್ಚ್ ಹಾಕಿ ನೋಡುತ್ತಿದ್ದೆ. ಪ್ರತಿ ಭಾನುವಾರ ಅಡುಗೆಮನೆಯದ್ದಲ್ಲದ ಬೇರೆ ತಕ್ಕಡಿಯಲ್ಲಿ ತೂಕ. 640, 634, 629. ಡಾಕ್ಟರ್ ಹೇಳಿದ್ದರು, ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ಕರ್ಕೊಂಡು ಬನ್ನಿ, ಅಲ್ಲಿಯ ತನಕ ಗಾಬರಿ ಬೇಡ.

ಮೂರು ಸಲ ಸೋತ ಮೇಲೆ ಹೆಣ್ಣೂರಿಗೆ ಫೋನ್ ಮಾಡಿದೆ. ಸರಕು ಮಾರಿ ಆಗಿತ್ತು, ದುಡ್ಡು ಬಂದಿತ್ತು, ಅವರು ಎರಡು ಮಾತಲ್ಲಿ ಮುಗಿಸಬಹುದಿತ್ತು. ಅರ್ಧ ಗಂಟೆ ಮಾತಾಡಿದರು. ಮೊದಲು ಕೇಳಿದ್ದು ಹಾವು ಇರುವ ಗಾಜಿನ ಟ್ಯಾಂಕಿನ ಬಿಸಿ ಎಷ್ಟು ಅಂತ. 31 ಡಿಗ್ರಿ ಅಂದೆ. "ಎಲ್ಲಿ ಅಳೆದ್ರಿ?" ಗಾಜಿಗೆ ಅಂಟಿಸಿದ ಮೀಟರ್‌ನಲ್ಲಿ. "ಅದು ಬೇಡ, ವೈರ್ ಇರುವ ಡಿಜಿಟಲ್ ಮೀಟರ್ ತಗೊಂಡು ಅದು ಮಲಗುವ ಜಾಗದಲ್ಲೇ ಇಡಿ" ಅಂದರು. ಇಟ್ಟರೆ 27! ಟ್ಯಾಂಕ್ ಇದ್ದಿದ್ದು ಕಿಟಕಿ ಪಕ್ಕ, ಗ್ರಾನೈಟ್ ಕಟ್ಟೆ ಮೇಲೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಗ್ರಾನೈಟ್ ಹೇಗಿರುತ್ತದೆ ಅಂತ ಬರಿಗಾಲಲ್ಲಿ ನಿಂತವರಿಗೆಲ್ಲ ಗೊತ್ತು. ಹಾವಿಗೆ ಹೊಟ್ಟೆಯಲ್ಲಿರುವುದು ಅರಗಬೇಕಾದರೆ ಹೊರಗಿನ ಬಿಸಿ ಬೇಕು, ಮೈ ತಣ್ಣಗಿರುವಾಗ ಅದು ತಿನ್ನದೆ ಇರುವುದೇ ಬುದ್ಧಿವಂತಿಕೆ. ಟ್ಯಾಂಕನ್ನು ಒಳಗಿನ ಗೋಡೆ ಪಕ್ಕ ಮರದ ಸ್ಟೂಲ್ ಮೇಲಿಟ್ಟೆ, ಹೀಟ್ ಮ್ಯಾಟ್‌ಗೆ ಬಿಸಿಯನ್ನು ಒಂದೇ ಮಟ್ಟದಲ್ಲಿಡುವ ಥರ್ಮೋಸ್ಟ್ಯಾಟ್ ಹಾಕಿದೆ, ಬೆಚ್ಚಗಿನ ಕಡೆ 31-32, ತಂಪು ಕಡೆ 26 ಬರುವ ಹಾಗೆ ಮಾಡಿದೆ. ಇದಾದ ಎರಡು ವಾರಕ್ಕೆ ಪೊರೆ ಬಿಟ್ಟಿತು, ತಲೆಯಿಂದ ಬಾಲದ ತುದಿಯ ತನಕ ಒಂದೇ ತುಂಡು.

ಎರಡನೇ ಪ್ರಶ್ನೆ ಇಲಿಯ ಬಿಸಿ. ನಾನು ಇಲಿಯನ್ನು ಉಗುರುಬೆಚ್ಚಗೆ ಮಾಡಿ ಕೊಡುತ್ತಿದ್ದೆ. ಅದು ಸಾಲದು. ಬಾಲ್ ಪೈಥಾನ್‌ನ ಮೇಲ್ತುಟಿಯಲ್ಲಿ ಸಾಲಾಗಿ ಸಣ್ಣ ಗುಳಿಗಳಿರುತ್ತವೆ, ಹತ್ತಿರದಿಂದ ನೋಡಿದರೆ ಪೆನ್ಸಿಲ್ ಮೊನೆಯಲ್ಲಿ ಚುಚ್ಚಿದ ಹಾಗೆ ಕಾಣುತ್ತದೆ. ಬಿಸಿಯನ್ನು ಅದು ಆ ಗುಳಿಗಳಿಂದ ನೋಡುತ್ತದೆ. ನಮ್ಮ ಹೆಬ್ಬಾವಿಗೂ ಇದೆ, ಘಟ್ಟದ ಕಾಡಿನ ಗುಳಿ ಮಂಡಲಕ್ಕೆ ಆ ಹೆಸರು ಬಂದಿದ್ದೂ ಕಣ್ಣು ಮೂಗಿನ ನಡುವೆ ಇರುವ ಇಂಥದ್ದೇ ಗುಳಿಯಿಂದ. ಕತ್ತಲಲ್ಲಿ ಅದಕ್ಕೆ ಇಲಿ ಅಂದರೆ ಒಂದು ಬಿಸಿ ಚುಕ್ಕೆ. ನಾನು ಕೊಡುತ್ತಿದ್ದ ತಣ್ಣಗಿನ ಇಲಿ ಅದರ ಪಾಲಿಗೆ ಕಲ್ಲಿಗೆ ಸಮ.

ಈಗ ಮಾಡುವ ಕ್ರಮ ಇದು. ಹಿಂದಿನ ರಾತ್ರಿ ಇಲಿಯನ್ನು ಅದೇ ಚಿಕ್ಕ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸುತ್ತೇನೆ. ಸಂಜೆ ಕವರ್ ಸಮೇತ ನಲ್ಲಿ ನೀರಿನಲ್ಲಿ ಅರ್ಧ ಗಂಟೆ. ಹೊಟ್ಟೆ ಒತ್ತಿ ನೋಡಿದರೆ ಒಳಗೆ ಗಟ್ಟಿ ಇರಬಾರದು. ಆಮೇಲೆ ಗೀಸರ್‌ನ ಬಿಸಿನೀರಿನಲ್ಲಿ ಹತ್ತು ಹದಿನೈದು ನಿಮಿಷ. ಕುದಿಯುವ ನೀರು ಬೇಡ, ಹೊಟ್ಟೆ ಒಡೆಯುತ್ತದೆ. ಮೈಕ್ರೋವೇವ್ ಅಂತೂ ಬೇಡವೇ ಬೇಡ, ಒಂದು ಕಡೆ ಬೇಯುತ್ತದೆ, ಇನ್ನೊಂದು ಕಡೆ ಐಸ್ ಹಾಗೇ ಇರುತ್ತದೆ. ಕೊನೆಗೆ ಕೂದಲು ಒರೆಸಿ ಹೇರ್ ಡ್ರೈಯರ್‌ನಲ್ಲಿ ತಲೆ ಭಾಗ ಮಾತ್ರ ಇನ್ನಷ್ಟು ಬಿಸಿ ಮಾಡುತ್ತೇನೆ. ಕೊರೋನಾ ಕಾಲದಲ್ಲಿ ತಗೊಂಡ ಹಣೆಗೆ ಹಿಡಿಯುವ ಥರ್ಮಾಮೀಟರ್ ಮನೆಯಲ್ಲಿದ್ದರೆ ಅದರಲ್ಲಿ ವಸ್ತುಗಳನ್ನು ಅಳೆಯುವ ಮೋಡ್ ಇದೆಯಾ ನೋಡಿ. ನನ್ನದರಲ್ಲಿ ಇತ್ತು. ತಲೆ 38ರಿಂದ 40 ತೋರಿಸಬೇಕು. ವಾಸನೆ ಬರುತ್ತದೆ, ಯುಟಿಲಿಟಿ ಕಿಟಕಿ ತೆಗೆದಿಟ್ಟು ಮಾಡಿ.

ಇಷ್ಟು ಮಾಡಿದರೂ ನಾಲ್ಕು ಮತ್ತು ಐದನೇ ಸಲ ತಿನ್ನಲಿಲ್ಲ. ಆದರೆ ನಾಲ್ಕನೇ ಸಲ ಗೂಡಿನಿಂದ ತಲೆ ಹೊರಗೆ ಹಾಕಿತು, ಐದನೇ ಸಲ ಒಮ್ಮೆ ಹೊಡೆದು (ಚಿಮ್ಮಿ ಕಚ್ಚಿ) ಬಿಟ್ಟುಬಿಟ್ಟಿತು. ಆಗ ಅಣ್ಣ ಕೇಳಿದರು, ಮೊದಲು ಏನು ತಿನ್ನುತ್ತಿತ್ತು, ಮೌಸಾ ರ‍್ಯಾಟಾ? ಮೌಸ್. "ಅದೇ ನೋಡಿ ಮೇಡಂ, ಅದಕ್ಕೆ ರ‍್ಯಾಟ್ ಊಟ ಅಂತಾನೇ ಗೊತ್ತಿಲ್ಲ. ವಾಸನೆ ಬೇರೆ." ಎರಡನೇ ಆರ್ಡರ್‌ನಲ್ಲಿ ನಾಲ್ಕು ದೊಡ್ಡ ಮೌಸ್ ಸೇರಿಸಿ ಕಳಿಸಿದರು, ಅದರಲ್ಲಿ ಒಂದಕ್ಕೆ ದುಡ್ಡು ತಗೊಳ್ಳಲಿಲ್ಲ.

ಆರನೇ ಸಲ, ಸಂಜೆ ಏಳೂವರೆ. ಹಾಲ್‌ನ ಲೈಟ್ ಆರಿಸಿದ್ದೆ, ಅಡುಗೆಮನೆಯ ಬೆಳಕು ಮಾತ್ರ ಬಾಗಿಲ ಸಂದಿಯಿಂದ ಬರುತ್ತಿತ್ತು. ಅಮ್ಮ ನಡೆದಾಡಬಾರದು ಅಂತ ಸೋಫಾ ಮೇಲೆ ಕಾಲು ಮಡಚಿ ಕೂತಿದ್ದರು. ಮೌಸ್‌ನ ಬೆನ್ನನ್ನು ಚಿಮಟದಲ್ಲಿ ಹಿಡಿದು ಗೂಡಿನ ಬಾಯಿಂದ ಒಂದು ಗೇಣು ದೂರ ನೆಲಕ್ಕೆ ತಾಗುವ ಹಾಗೆ ಇಟ್ಟೆ. ಈ ಸಲ ಅಲ್ಲಾಡಿಸಲಿಲ್ಲ. ಆಗೊಮ್ಮೆ ಈಗೊಮ್ಮೆ ಬೆರಳಷ್ಟು ಸರಿಸಿದೆ, ಅಷ್ಟೇ. ಮೊದಲು ನಾಲಿಗೆ ಬಂತು. ನಿಧಾನ, ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಆಮೇಲೆ ಮೂತಿ. ಅಲ್ಲಿಂದ ನಾಲ್ಕೈದು ನಿಮಿಷ ಏನೂ ಇಲ್ಲ, ನನ್ನ ಕೈ ನೋಯತೊಡಗಿತು. ಕುತ್ತಿಗೆ ಹಿಂದಕ್ಕೆ ಸರಿದು ಕೊಂಕಿದ್ದು ನೋಡಿದೆ, ಹೊಡೆದಿದ್ದು ಕಾಣಲೇ ಇಲ್ಲ. ಚಿಮಟ ಜಗ್ಗಿದಾಗಲೇ ಗೊತ್ತಾಗಿದ್ದು. ಎರಡು ಸುತ್ತು ಹಾಕಿ ಬಿಗಿಯಿತು, ಸತ್ತ ಇಲಿಯನ್ನೇ ಮತ್ತೆ ಕೊಲ್ಲುವ ಹಾಗೆ. ನಾನು ಕೈ ಬಿಟ್ಟು ಹಿಂದೆ ಸರಿದೆ. ಹತ್ತು ನಿಮಿಷಕ್ಕೆ ತಲೆ ಹುಡುಕಿಕೊಂಡು ನುಂಗಲು ಶುರು ಮಾಡಿತು. ಕೊನೆಗೆ ಬಾಲ ಒಂದು ದಾರದ ಹಾಗೆ ಬಾಯಿಂದ ನೇತಾಡುತ್ತಿತ್ತು, ಅದೂ ಹೋಯಿತು. ಅಮ್ಮ ಸೋಫಾ ಮೇಲಿಂದಲೇ ಪಿಸುಮಾತಲ್ಲಿ ಕೇಳಿದರು, "ತಿಂತಾ?" ನನಗೆ ಉತ್ತರ ಹೇಳಲು ಆಗಲಿಲ್ಲ, ಗಂಟಲು ಕಟ್ಟಿತ್ತು.

ಅವತ್ತಿನ ತೂಕ 612. ಎರಡು ದಿನ ಅದನ್ನು ಮುಟ್ಟಲಿಲ್ಲ, ಮುಟ್ಟಬಾರದು ಕೂಡ, ತಿಂದಿದ್ದು ಹೊರಗೆ ಬರಬಹುದು.

ಮೌಸ್‌ನಿಂದ ರ‍್ಯಾಟ್‌ಗೆ ದಾಟಿಸಿದ್ದು ಸುಲಭವಾಯಿತು. ಮೌಸ್ ಮತ್ತು ರ‍್ಯಾಟ್ ಎರಡನ್ನೂ ಒಂದೇ ಕವರ್‌ನಲ್ಲಿ ಹಾಕಿ ಕರಗಿಸಿದೆ, ವಾಸನೆ ಹತ್ತಿಕೊಂಡಿತು. ಆ ರ‍್ಯಾಟನ್ನು ಹೊಡೆಯಲು ಎರಡು ನಿಮಿಷವೂ ತಗೊಳ್ಳಲಿಲ್ಲ. ಮಾರ್ಚ್‌ನಿಂದ ಬರೀ ರ‍್ಯಾಟ್. ಚಿಮಟದಿಂದ ತಗೊಳ್ಳದಿದ್ದರೆ ಗೂಡಿನ ಬಾಯಲ್ಲಿಟ್ಟು ದೀಪ ಆರಿಸಿ ಮಲಗಿಬಿಡಿ, ಎಷ್ಟೋ ಸಲ ಬೆಳಗ್ಗೆ ಖಾಲಿಯಾಗಿರುತ್ತದೆ. ಉಳಿದಿದ್ದರೆ ಬೆಳಗ್ಗೆಯೇ ತೆಗೆದು ಹೂಳಿ.

ಇನ್ನು ತಕರಾರು. ಮೊದಲನೆಯದು ತೂಕ. ಕವರ್ ಮೇಲೆ 50 ಅಂತ ಬರೆದಿದ್ದರೂ ಮೊದಲ ಹತ್ತನ್ನು ನಾನೇ ತೂಗಿದಾಗ 43ರಿಂದ 61ರ ತನಕ ಇತ್ತು. ಕೇಳಿದೆ. ಸಾಲಾಗಿ ತೂಗಿ ಒಂದೇ ಅಂಕಿ ಬರೆದಿದ್ದೇವೆ, ತಪ್ಪಾಯಿತು ಅಂದರು. ಮೂರನೇ ಆರ್ಡರ್‌ನಲ್ಲಿ ಒಂದೊಂದರ ತೂಕ ಬೇರೆ ಬೇರೆ ಬರೆದಿತ್ತು, ತೂಗಿ ನೋಡಿದೆ, ಹೆಚ್ಚುಕಡಿಮೆ ಸರಿಯಾಗಿತ್ತು. ಎರಡನೆಯದು ಡೆಲಿವರಿ. ಬುಧವಾರ, ಶನಿವಾರ ಬಿಟ್ಟರೆ ಇಲ್ಲ. ಹೆಣ್ಣೂರಿನಿಂದ ನಮ್ಮ ವಿಜಯನಗರಕ್ಕೆ ಬೈಕ್‌ನಲ್ಲಿ ಬರುವಷ್ಟರಲ್ಲಿ ಒಂದು ಸಲ ಟ್ರಾಫಿಕ್‌ನಲ್ಲಿ ಎರಡು ಗಂಟೆ ಆಗಿ ಮೇಲಿನ ಎರಡು ಇಲಿ ಮೆತ್ತಗಾಗಿದ್ದವು. ಡಬ್ಬಿಯ ತಳದಲ್ಲಿ ಮಾತ್ರ ಜೆಲ್ ಪ್ಯಾಕ್ ಇಟ್ಟಿದ್ದರು, ಮೇಲೆ ಇರಲಿಲ್ಲ. ಫೋಟೋ ಕಳಿಸಿದೆ, ಮಾತಾಡದೆ ಎರಡು ಬದಲಿಸಿ ಕೊಟ್ಟರು. ಆದರೂ ಏಪ್ರಿಲ್ ಬಿಸಿಲಿನಲ್ಲಿ ತರಿಸುವವರು ಬೆಳಗ್ಗೆ ಹತ್ತರ ಒಳಗೆ ಕಳಿಸಿ ಅಂತ ಹೇಳಿ. ಹಗಲು ಹೊತ್ತು ಫೋನ್ ಎತ್ತುವುದಿಲ್ಲ, ಇಬ್ಬರಿಗೂ ಬೇರೆ ಕೆಲಸ ಇದೆ, ರಾತ್ರಿ ಎಂಟರ ಮೇಲೆ ಸಿಗುತ್ತಾರೆ.

ಅವರ ಹತ್ತಿರ ಸ್ಟೀಲ್ ಚಿಮಟವೂ ಸಿಗುತ್ತದೆ. ಅದು ಬೇಡ. ಉದ್ದ ಸರಿ ಇದೆ, ಹನ್ನೆರಡು ಇಂಚು, ಆದರೆ ತುದಿ ಚೂಪು. ಹಾವು ಗುರಿ ತಪ್ಪಿ ಚಿಮಟವನ್ನೇ ಹೊಡೆದರೆ ಬಾಯಿಗೆ ಗಾಯ. ನಾನು ತುದಿ ಮೊಂಡಾಗಿರುವ ಬೇರೆಯದು ತಗೊಂಡು ಅದಕ್ಕೂ ರಬ್ಬರ್ ಟ್ಯೂಬ್ ಹಾಕಿಕೊಂಡೆ. ಇದನ್ನು ಅವರಿಗೂ ಹೇಳಿದ್ದೇನೆ.

ಹತ್ತಿಪ್ಪತ್ತು ರೂಪಾಯಿ ಕಡಿಮೆಗೆ ಬೇರೆ ಕಡೆ ಸಿಗಬಹುದು. ನಾನು ಹುಡುಕಲಿಲ್ಲ, ಹುಡುಕುವ ಮನಸ್ಸೂ ಇಲ್ಲ. ಮೊದಲ ಸಲ ಫ್ರೋಜನ್ ಅಭ್ಯಾಸ ಮಾಡಿಸುವವರಿಗೆ ಇಲಿಗಿಂತ ಜಾಸ್ತಿ ಬೇಕಾಗುವುದು ರಾತ್ರಿ ಒಂಬತ್ತು ಗಂಟೆಗೆ ಫೋನ್ ಎತ್ತಿ, ನಿಮ್ಮ ಟ್ಯಾಂಕ್ ಎಷ್ಟು ಡಿಗ್ರಿ ಇದೆ ಅಂತ ಕೇಳುವವರು.

ನಿನ್ನೆ ಬೆಲ್ಲನ ತೂಕ 671. ಈ ಬುಧವಾರಕ್ಕೆ ಹತ್ತು ರ‍್ಯಾಟ್ ಹೇಳಿದ್ದೇನೆ, ಎಲ್ಲ 55ರಿಂದ 60ರ ಒಳಗೆ ಇರಲಿ ಅಂದಿದ್ದೇನೆ. ಬಂದ ಮೇಲೆ ತೂಗಿ ನೋಡಿ ಇಲ್ಲೇ ಸೇರಿಸುತ್ತೇನೆ.